ತರುವವರು ಯಾರು, ಸೇರುವವರು ಯಾರು?

ಅಮೆರಿಕದ ಒಹಾಯೊ ರಾಜ್ಯದಲ್ಲಿ ಡೆಶ್ಲರ್ ಎಂಬ ಪುಟ್ಟ ಊರಿದೆ. ರೈಲು ಮಾರ್ಗಗಳು ಅಡ್ಡಹಾಯುವ ಜಂಕ್ಷನ್ ಎಂಬುದನ್ನು ಬಿಟ್ಟರೆ ಹೊರಗಿನವರು ಅದನ್ನು ನೆನಪಿಡಲು ಕಾರಣವಿರಲಿಲ್ಲ. 1968ರ ಅಕ್ಟೋಬರ್ 22ರಂದು ರಿಚರ್ಡ್ ನಿಕ್ಸನ್ ಅವರ ಚುನಾವಣಾ ಪ್ರಚಾರದ ರೈಲು ಅಲ್ಲಿ ನಿಂತಿತು. ಭಾಷಣವಾಯಿತು, ಜನ ಕೈಬೀಸಿದರು, ರೈಲು ಹೊರಟಿತು. ಊರಿಂದೂರಿಗೆ ಹಾಗೆ ನಿಲ್ಲುತ್ತ ಸಾಗುವ ಪ್ರಚಾರದಲ್ಲಿ ಅದೂ ಒಂದು ನಿಲುಗಡೆ, ಅಷ್ಟೆ.

ಎರಡು ವಾರ ಕಳೆದು, ನವೆಂಬರ್ 6ರಂದು, ಗೆದ್ದ ನಿಕ್ಸನ್ ವಿಜಯದ ಭಾಷಣದಲ್ಲಿ ಡೆಶ್ಲರನ್ನು ನೆನೆದರು. ಪ್ರಚಾರದುದ್ದಕ್ಕೂ ಎಷ್ಟೋ ಫಲಕಗಳನ್ನು ಕಂಡದ್ದುಂಟು, ಕೆಲವು ಬೈಯುವಂಥವು, ಕೆಲವು ಹೊಗಳುವಂಥವು. ಮನಸ್ಸಿಗೆ ತಟ್ಟಿದ್ದು ಮಾತ್ರ ಆ ಊರಿನಲ್ಲಿ ಮುಸ್ಸಂಜೆಯ ಹೊತ್ತು ಒಂದು ಎಳೆಯ ಕೈ ಎತ್ತಿ ಹಿಡಿದಿದ್ದ ಫಲಕ ಎಂದರು. ಅದರಲ್ಲಿದ್ದದ್ದು ಮೂರೇ ಪದ: 'ಬ್ರಿಂಗ್ ಅಸ್ ಟುಗೆದರ್'. ತಮ್ಮ ಸರ್ಕಾರದ ದೊಡ್ಡ ಗುರಿಯೂ ಅದೇ ಎಂದು ಸಾರಿದರು.

ಆ ವರ್ಷ ಅಮೆರಿಕಕ್ಕೆ ಆ ಮೂರು ಪದ ಬೇಕೇ ಬೇಕಿದ್ದವು. ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿತ್ತು, ಜೂನ್‌ನಲ್ಲಿ ರಾಬರ್ಟ್ ಕೆನಡಿ. ಆಗಸ್ಟ್‌ನಲ್ಲಿ ಷಿಕಾಗೊದ ಬೀದಿಗಳಲ್ಲಿ ಪೊಲೀಸರ ಲಾಠಿ ಬೀಸಿತ್ತು. ವಿಯೆಟ್ನಾಂ ಯುದ್ಧ ಮನೆಮನೆಯ ಊಟದ ಮೇಜಿನ ಮೇಲೆ ಜಗಳವಾಗಿ ಕುಳಿತಿತ್ತು. ನಿಕ್ಸನ್ ಪಡೆದದ್ದು ಶೇ 43.4ರಷ್ಟು ಮತ, ಎದುರಾಳಿ ಹ್ಯೂಬರ್ಟ್ ಹಂಫ್ರಿಗೆ ಬಿದ್ದದ್ದು ಶೇ 42.7. ಕೂದಲೆಳೆಯ ಗೆಲುವು. ಅಂಥ ಹೊತ್ತಿನಲ್ಲಿ ಶಾಲೆಗೆ ಹೋಗುವ ಮಗುವಿನ ಕೈಯ ಫಲಕವೊಂದು ಸಿಕ್ಕರೆ ಯಾವ ರಾಜಕಾರಣಿ ತಾನೇ ಬಿಟ್ಟಾನು!

ಆ ಫಲಕದ ವ್ಯಾಕರಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅದು 'ಒಂದಾಗೋಣ' ಎನ್ನುತ್ತಿಲ್ಲ, 'ಒಂದಾಗಿ' ಎಂದೂ ಹೇಳುತ್ತಿಲ್ಲ. 'ನಮ್ಮನ್ನು ಒಂದು ಮಾಡಿ' ಎಂದು ಯಾರನ್ನೋ ಕೇಳುತ್ತಿದೆ. ಒಂದಾಗಬೇಕಾದವರು ಕರ್ಮಪದದ ಜಾಗದಲ್ಲಿ ಕೈಕಟ್ಟಿ ನಿಂತಿದ್ದಾರೆ. ಕೆಲಸ ಮಾಡಬೇಕಾದ ಕರ್ತೃ ರೈಲಿನಲ್ಲಿದ್ದಾನೆ. 1848ರಲ್ಲಿ ಮಾರ್ಕ್ಸ್ ಮತ್ತು ಎಂಗೆಲ್ಸ್ ತಮ್ಮ ಪ್ರಣಾಳಿಕೆಯ ಕೊನೆಯಲ್ಲಿ ಕಾರ್ಮಿಕರಿಗೆ ಕೊಟ್ಟ ಕರೆಗೆ ಇಂಗ್ಲಿಷ್ ಅನುವಾದಕರು ಆರಿಸಿಕೊಂಡದ್ದು 'ಯುನೈಟ್' ಎಂಬ ಕ್ರಿಯಾಪದವನ್ನು. ಅಲ್ಲಿ ಕೆಲಸ ಮಾಡಬೇಕಾದವರು ಕೇಳುತ್ತಿರುವ ಜನರೇ. ಎರಡೂ ಒಗ್ಗಟ್ಟಿನ ಮಾತೇ, ಆದರೆ ಎರಡರ ನಡುವೆ ಹಗಲು ರಾತ್ರಿಯ ಅಂತರವಿದೆ. 'ಬ್ರಿಂಗ್ ಟುಗೆದರ್' ಎಂಬ ಜೋಡಿಪದವನ್ನು ಅರ್ಥ ಮಾಡಿಕೊಳ್ಳಲು ಮೊದಲು ಹಿಡಿಯಬೇಕಾದ ಎಳೆ ಇದು: ಅದರಲ್ಲಿ ತರುವವರೊಬ್ಬರು ಬೇಕೇ ಬೇಕು.

ಇಂಥ ಜೋಡಿಗಳಿಗೆ ಇಂಗ್ಲಿಷ್ ವ್ಯಾಕರಣದಲ್ಲಿ 'ಫ್ರೇಸಲ್ ವರ್ಬ್' ಎಂಬ ಹೆಸರು. ಒಂದು ಸರಳ ಕ್ರಿಯಾಪದ, ಅದರ ಬಾಲಕ್ಕೊಂದು ಪುಟ್ಟ ಅವ್ಯಯ. ಹೆಸರು ತೀರಾ ಹಳೆಯದಲ್ಲ. ಲೋಗನ್ ಪಿಯರ್ಸಾಲ್ ಸ್ಮಿತ್ 1925ರಲ್ಲಿ ಪ್ರಕಟಿಸಿದ ನುಡಿಗಟ್ಟುಗಳ ಕುರಿತ ಪುಸ್ತಕದಿಂದ ಅದು ಬಳಕೆಗೆ ಬಂತು. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರ್ಯಾಡ್ಲಿ ಈ ಹೆಸರನ್ನು ಸೂಚಿಸಿದರೆಂದು ಸ್ಮಿತ್ ಅದರಲ್ಲೇ ಹೇಳಿಕೊಂಡಿದ್ದಾರೆ. ತೊಂದರೆ ಮಾತ್ರ ಹಳೆಯದು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತಮ್ಮ ನಿಘಂಟಿನ ಮುನ್ನುಡಿಯಲ್ಲೇ, ಪರದೇಶಿಯರಿಗೆ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಕಾಟ ಕೊಡುವುದು ಈ ಜೋಡಿಗಳೇ ಎಂಬರ್ಥದ ಮಾತು ಬರೆದರು. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಗೈಡಿನ ಪಟ್ಟಿ ಬಾಯಿಪಾಠ ಮಾಡಿದವರಿಗೆ ಜಾನ್ಸನ್ನರ ಮಾತಿಗೆ ಬೇರೆ ಸಾಕ್ಷಿ ಬೇಕಿಲ್ಲ. 'ಬ್ರಿಂಗ್ ಅಪ್' ಎಂದರೆ ಬೆಳೆಸು, 'ಬ್ರಿಂಗ್ ಡೌನ್' ಎಂದರೆ ಉರುಳಿಸು, 'ಬ್ರಿಂಗ್ ಅಬೌಟ್' ಎಂದರೆ ಆಗುವಂತೆ ಮಾಡು, 'ಬ್ರಿಂಗ್ ರೌಂಡ್' ಎಂದರೆ ಮನವೊಲಿಸು, ಇಲ್ಲವೇ ಮೂರ್ಛೆ ಹೋದವರನ್ನು ಎಚ್ಚರಿಸು. ತರುವುದು ಒಂದೇ, ತಂದದ್ದು ಮಾತ್ರ ಪ್ರತಿಸಲವೂ ಬೇರೆ.

ಅವುಗಳ ಪಕ್ಕದಲ್ಲಿ 'ಬ್ರಿಂಗ್ ಟುಗೆದರ್' ಸಾಧು ಪ್ರಾಣಿ. ಅದರ ಅರ್ಥ ಎರಡು ಪದಗಳ ಮೇಲೇ ಕಾಣುತ್ತದೆ. 'ಟುಗೆದರ್' ಎಂಬುದರೊಳಗೆ 'ಗ್ಯಾದರ್' ಎಂಬ ಕ್ರಿಯಾಪದದ ನಂಟು ಅಡಗಿದೆ. ಹಳೆಯ ಇಂಗ್ಲಿಷಿನಲ್ಲಿ ಎರಡೂ ಒಂದೇ ಬೇರಿನ ಚಿಗುರುಗಳು. ಕನ್ನಡದಲ್ಲೂ ಹೀಗೆಯೇ ಆಗಿರುವುದು ಸೋಜಿಗ. ಹಳ್ಳಿಯಲ್ಲಿ ಇಂದಿಗೂ ಹುಲ್ಲಿನ ಬಣವೆ ಒಟ್ಟುತ್ತಾರೆ, ಸೌದೆ ಒಟ್ಟುತ್ತಾರೆ. ರಾಶಿ ಹಾಕುವ ಆ 'ಒಟ್ಟು' ಎಂಬ ಕ್ರಿಯೆಯ ಮನೆಯದೇ 'ಒಟ್ಟಿಗೆ'.

ವಾಕ್ಯದಲ್ಲಿ ಈ ಜೋಡಿ ಕೂರುವ ರೀತಿಗೆ ಒಂದು ಕಟ್ಟಳೆಯಿದೆ, ಕನ್ನಡಿಗರು ಎಡವುವುದು ಅಲ್ಲಿ. ಒಂದುಗೂಡಬೇಕಾದವರ ಹೆಸರು ಚಿಕ್ಕದಾಗಿದ್ದರೆ ಜೋಡಿಯ ನಡುವೆಯೂ ಬರಬಹುದು, ನಂತರವೂ ಬರಬಹುದು. 'ದ ವೆಡಿಂಗ್ ಬ್ರಾಟ್ ದ ಫ್ಯಾಮಿಲಿ ಟುಗೆದರ್' ಸರಿ. 'ಬ್ರಾಟ್ ಟುಗೆದರ್ ದ ಫ್ಯಾಮಿಲಿ' ಎಂದರೂ ತಪ್ಪಿಲ್ಲ, ಕಿವಿಗೆ ಸ್ವಲ್ಪ ಬಿಗಿ ಅಷ್ಟೆ. ಪಟ್ಟಿ ಉದ್ದವಿದ್ದರೆ, ಏಳು ದೇಶಗಳ ವಿಜ್ಞಾನಿಗಳು, ವೈದ್ಯರು, ರೈತ ಮುಖಂಡರು ಎಂಬಂತೆ, ಅದು ಜೋಡಿಯ ಹಿಂದೆಯೇ ನಡೆಯಬೇಕು. ನಡುವೆ ತುರುಕಿದರೆ 'ಟುಗೆದರ್' ಬರುವ ಹೊತ್ತಿಗೆ 'ಬ್ರಿಂಗ್' ಮರೆತೇ ಹೋಗಿರುತ್ತದೆ. ಸರ್ವನಾಮವಾದರೆ ಆಯ್ಕೆಯೇ ಇಲ್ಲ. ಅದು ನಡುವೆಯೇ ನಿಲ್ಲಬೇಕು. 'ಬ್ರಿಂಗ್ ದೆಮ್ ಟುಗೆದರ್' ಸರಿ, 'ಬ್ರಿಂಗ್ ಟುಗೆದರ್ ದೆಮ್' ತಪ್ಪು. ಡೆಶ್ಲರಿನ ಫಲಕದಲ್ಲೂ 'ಅಸ್', ಅಂದರೆ 'ನಮ್ಮನ್ನು', ತರುವ ಕೆಲಸಕ್ಕೂ ಸೇರುವ ಸ್ಥಿತಿಗೂ ನಡುವೆ ಸಿಕ್ಕಿಕೊಂಡಿರುವುದು ಈ ಕಟ್ಟಳೆಯಿಂದಲೇ.

ಅರ್ಥದ ಹರವು ಇನ್ನೂ ಸ್ವಾರಸ್ಯದ್ದು. ಮೊದಲನೆಯದು ತೀರಾ ಸರಳ: ಚದುರಿದ್ದನ್ನು ಒಂದೆಡೆ ಸೇರಿಸುವುದು. ಬಿಡಿ ಲೇಖನಗಳನ್ನು ಸೇರಿಸಿ ಪುಸ್ತಕ ಮಾಡುವಾಗಲೂ ಇದೇ ಪದ, ಹಳೆಯ ಸಹಪಾಠಿಗಳನ್ನು ಕಲೆಹಾಕುವಾಗಲೂ ಇದೇ ಪದ. ಎರಡನೆಯದು ಗುರುತು ಪರಿಚಯವಿಲ್ಲದವರ ನಡುವೆ ನಂಟು ಹುಟ್ಟಿಸುವುದು. ಮೂರನೆಯದು ಮುನಿಸಿಕೊಂಡವರನ್ನು ಎದುರುಬದುರು ಕೂರಿಸುವುದು. ಈ ಮೂರನೆಯ ಅರ್ಥದಲ್ಲಿ 'ಬ್ರಿಂಗ್ ಟುಗೆದರ್' ಎಷ್ಟು ಹೇಳುತ್ತದೆ, ಎಷ್ಟನ್ನು ಹೇಳದೆ ಬಿಡುತ್ತದೆ ಎಂಬುದಕ್ಕೆ ಕ್ಯಾಂಪ್ ಡೇವಿಡ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

1978ರ ಸೆಪ್ಟೆಂಬರ್ 5ರಂದು ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್, ಈಜಿಪ್ಟಿನ ಅನ್ವರ್ ಸಾದಾತ್ ಮತ್ತು ಇಸ್ರೇಲಿನ ಮೆನಾಖೆಮ್ ಬೆಗಿನ್ ಅವರನ್ನು ಮೇರಿಲ್ಯಾಂಡಿನ ಕಾಡಿನ ನಡುವಿನ ಆ ವಿಶ್ರಾಂತಿಧಾಮಕ್ಕೆ ಕರೆಸಿಕೊಂಡರು. ಇಂಗ್ಲಿಷ್ ಇತಿಹಾಸಕಾರರು ಬರೆಯುವುದು ಕಾರ್ಟರ್ ಇಬ್ಬರನ್ನೂ 'ಬ್ರಾಟ್ ಟುಗೆದರ್' ಎಂದು. ನಡೆದದ್ದೇನು? ಮೊದಲ ಕೆಲವು ದಿನ ಮೂವರೂ ಎದುರುಬದುರು ಕೂತರು, ಮಾತಿಗೆ ಮಾತು ಬೆಳೆಯಿತು, ದನಿ ಏರಿತು. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರೆ ಕೆಲಸ ಕೆಡುತ್ತದೆಂದು ಕಾರ್ಟರ್‌ಗೆ ಮನವರಿಕೆಯಾಯಿತು. ಆಮೇಲೆ ಅವರು ಕರಡು ಹಿಡಿದುಕೊಂಡು ಒಬ್ಬರ ಬಿಡಾರದಿಂದ ಇನ್ನೊಬ್ಬರ ಬಿಡಾರಕ್ಕೆ ಓಡಾಡಿದರು. ನಡುವೆ ಒಂದು ದಿನ ಇಬ್ಬರನ್ನೂ ಗೆಟ್ಟಿಸ್‌ಬರ್ಗ್ ರಣಭೂಮಿ ತೋರಿಸಲು ಕರೆದೊಯ್ದರು. ಅಮೆರಿಕದ ಅಂತರ್ಯುದ್ಧದಲ್ಲಿ ಅಣ್ಣತಮ್ಮಂದಿರೇ ಕೊಂದುಕೊಂಡ ನೆಲ ಅದು. 13 ದಿನಗಳ ಕೊನೆಗೆ, ಸೆಪ್ಟೆಂಬರ್ 17ರಂದು ಒಪ್ಪಂದಕ್ಕೆ ಸಹಿ ಬಿತ್ತು. ಮರುವರ್ಷ ಮಾರ್ಚ್ 26ರಂದು ಶಾಂತಿ ಒಪ್ಪಂದ.

ಹತ್ತಿರ ತಂದು, ದೂರ ಇಟ್ಟು, ಮತ್ತೆ ಹತ್ತಿರ ತಂದ ಕಥೆ ಇದು. ಇಲ್ಲಿ 'ಯುನೈಟೆಡ್' ಎಂದು ಬರೆದರೆ ಶುದ್ಧ ಸುಳ್ಳಾಗುತ್ತದೆ. ಸಾದಾತ್ ಮತ್ತು ಬೆಗಿನ್ ಒಂದಾಗಲಿಲ್ಲ. ಇಬ್ಬರೂ ತಮ್ಮ ತಮ್ಮ ದೇಶದವರಾಗಿಯೇ ಉಳಿದರು, ಯುದ್ಧ ಬೇಡವೆಂದು ಒಪ್ಪಿದರು. 'ಯುನೈಟ್' ಲ್ಯಾಟಿನ್ನಿನ 'ಒಂದು' ಎಂಬ ಪದದಿಂದ ಬಂದದ್ದು. ಹಲವು ಕರಗಿ ಒಂದಾಗುವುದನ್ನು ಅದು ಬಯಸುತ್ತದೆ. 'ಬ್ರಿಂಗ್ ಟುಗೆದರ್' ಅಷ್ಟು ಆಸೆಬುರುಕ ಅಲ್ಲ. ಬೇರೆ ಬೇರೆಯವರು ಬೇರೆ ಬೇರೆಯಾಗಿಯೇ ಇದ್ದು ಒಂದು ಮೇಜಿನ ಸುತ್ತ ಕೂತರೂ ಅದಕ್ಕೆ ಸಾಕು. ಪತ್ರಿಕೆಗಳ ಕನ್ನಡದಲ್ಲಿ ಎರಡಕ್ಕೂ ಒಂದೇ 'ಒಗ್ಗೂಡಿಸು' ಬಳಸುವ ರೂಢಿಯಿದೆ. ಹಾಗೆ ಮಾಡಿದಾಗ ಕ್ಯಾಂಪ್ ಡೇವಿಡ್ ಮದುವೆಮನೆಯಂತೆ ಕೇಳಿಸತೊಡಗುತ್ತದೆ. 'ಮಾತುಕತೆಗೆ ಕೂರಿಸಿದರು' ಎಂದರೆ ಎಷ್ಟು ಬೇಕೋ ಅಷ್ಟೇ ಹೇಳಿದಂತೆ.

ಭಾಷಣ ಬರೆಯುವವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. 2021ರ ಜನವರಿ 20ರಂದು, ಸಂಸತ್ ಭವನದ ಮೇಲೆ ದಾಳಿ ನಡೆದ ಎರಡೇ ವಾರಕ್ಕೆ, ಅಧ್ಯಕ್ಷರಾಗಿ ಪ್ರಮಾಣ ಸ್ವೀಕರಿಸಿದ ಜೋ ಬೈಡನ್ ತಮ್ಮ ಆತ್ಮವೆಲ್ಲ ಯಾವುದರಲ್ಲಿದೆ ಎಂದು ಹೇಳುವಾಗ ಎರಡು ಕ್ರಿಯಾಪದಗಳನ್ನೂ ಬಳಸಿದರು. ಮೊದಲು ಅಮೆರಿಕವನ್ನು 'ಬ್ರಿಂಗಿಂಗ್ ಟುಗೆದರ್', ಆಮೇಲೆ ಜನರನ್ನು 'ಯುನೈಟಿಂಗ್', ಆಮೇಲೆ ರಾಷ್ಟ್ರವನ್ನು 'ಯುನೈಟಿಂಗ್'. ಮೆಟ್ಟಿಲು ಹತ್ತಿದಂತೆ ಒಂದರ ಮೇಲೊಂದು. ಮೊದಲು ಒಂದು ಅಂಗಳಕ್ಕೆ ಕರೆತರಬೇಕು, ಒಂದಾಗುವುದು ಅನಂತರದ ಮಾತು. ಫೇಸ್‌ಬುಕ್ ಇನ್ನೂ ಜಾಣತನ ತೋರಿತು. 2017ರ ಜೂನ್‌ನಲ್ಲಿ ಅದು ತನ್ನ ಧ್ಯೇಯವಾಕ್ಯ ಬದಲಿಸಿ, ಜಗತ್ತನ್ನು 'ಕ್ಲೋಸರ್ ಟುಗೆದರ್' ತರುವುದಾಗಿ ಹೇಳಿಕೊಂಡಿತು. ನಡುವೆ ನುಸುಳಿದ ಆ 'ಕ್ಲೋಸರ್' ಪದವನ್ನು ವಕೀಲರು ಮೆಚ್ಚಬೇಕು: ಪೂರ್ತಿ ಸೇರಿಸುತ್ತೇವೆಂದು ಮಾತು ಕೊಟ್ಟಿಲ್ಲ, ಇನ್ನಷ್ಟು ಹತ್ತಿರ ಎಂದರೆ ಎಷ್ಟು ಎಂದೂ ಹೇಳಿಲ್ಲ.

ಈ ಜೋಡಿಗೆ ಒಂದು ದೊಡ್ಡ ಬಳಗವೇ ಇದೆ. 'ಕಮ್ ಟುಗೆದರ್' ಅದರ ಅವಳಿ; ಯಾರೂ ತರದೆ ತಾವಾಗಿಯೇ ಸೇರಿದರೆ ಈ ರೂಪ. ಮನಶ್ಶಾಸ್ತ್ರಜ್ಞ ಟಿಮೊತಿ ಲೀರಿ 1969ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಗಾದಿಗೆ ರೊನಾಲ್ಡ್ ರೇಗನ್ ವಿರುದ್ಧ ನಿಲ್ಲಲು ಹೊರಟಾಗ ಇದನ್ನೇ ಘೋಷಣೆ ಮಾಡಿಕೊಂಡು, ಪ್ರಚಾರಕ್ಕೊಂದು ಹಾಡು ಬೇಕೆಂದು ಜಾನ್ ಲೆನನ್ ಅವರನ್ನು ಕೇಳಿದ್ದರು. ಲೀರಿ ಗಾಂಜಾ ಪ್ರಕರಣದಲ್ಲಿ ಸಿಕ್ಕಿ ಜೈಲು ಸೇರಿದರು, ಪ್ರಚಾರ ನಿಂತಿತು. ಹಾಡು ಮಾತ್ರ ಬೇರೆಯೇ ರೂಪ ತಾಳಿ ಅದೇ ವರ್ಷ ಬೀಟಲ್ಸ್ ತಂಡದ 'ಅಬೇ ರೋಡ್' ಧ್ವನಿಮುದ್ರಿಕೆಯ ಮೊದಲ ಹಾಡಾಯಿತು.

'ಬ್ಯಾಂಡ್ ಟುಗೆದರ್' ಎಂದರೆ ಎದುರಿಗೊಂದು ಕಷ್ಟವೋ ಶತ್ರುವೋ ಇದ್ದು ಅದಕ್ಕಾಗಿ ಕಟ್ಟು ಬಿಗಿದುಕೊಳ್ಳುವುದು. 'ಗ್ಯಾಂಗ್ ಅಪ್' ಕೂಡ ಒಂದಾಗುವುದೇ, ಆದರೆ ಒಬ್ಬನ ಮೇಲೆ ಬೀಳಲು. 'ರೌಂಡ್ ಅಪ್' ದನಗಾಹಿಗಳ ಮಾತು, ಚದುರಿದ ದನಗಳನ್ನು ಸುತ್ತುವರಿದು ದೊಡ್ಡಿಗೆ ಅಟ್ಟುವುದು. ಆಮೇಲೆ ಅದು ಪೊಲೀಸರ ಕೈಗೆ ಹೋಯಿತು. ಜನರನ್ನು ಒಂದೆಡೆ ಸೇರಿಸುವುದೆಲ್ಲ ಸೌಹಾರ್ದವಲ್ಲ ಎಂಬುದು ಈ ಬಳಗದ ಮಕ್ಕಳನ್ನು ಸಾಲಾಗಿ ನಿಲ್ಲಿಸಿದಾಗ ತಿಳಿಯುತ್ತದೆ.

'ರ‍್ಯಾಲಿ' ಪದದ್ದು ಸೇನೆಯ ಹಿನ್ನೆಲೆ. ಫ್ರೆಂಚಿನಿಂದ ಬಂದ ಆ ಪದಕ್ಕೆ ಚದುರಿದ ದಂಡನ್ನು ಮತ್ತೆ ಸೇರಿಸುವುದು ಎಂದರ್ಥ. 'ರ‍್ಯಾಲಿ ರೌಂಡ್' ಎಂದರೆ ಬಾವುಟದ ಸುತ್ತ, ಅಥವಾ ಕಷ್ಟದಲ್ಲಿರುವವರ ಸುತ್ತ ನಿಲ್ಲುವುದು. ದೇಶಕ್ಕೆ ಆಪತ್ತು ಬಂದಾಗ ನಾಯಕನ ಜನಪ್ರಿಯತೆ ಏಕಾಏಕಿ ಏರುವುದನ್ನು ರಾಜಕೀಯ ವಿಜ್ಞಾನಿ ಜಾನ್ ಮ್ಯುಲರ್ 1970ರಲ್ಲಿ ಅಧ್ಯಯನ ಮಾಡಿ ಬಾವುಟದ ಹೆಸರಿನಲ್ಲೇ ಕರೆದರು. 2001ರ ಸೆಪ್ಟೆಂಬರ್ 11ರ ದಾಳಿಗೆ ಮುನ್ನ ಗ್ಯಾಲಪ್ ಸಮೀಕ್ಷೆಯಲ್ಲಿ ಜಾರ್ಜ್ ಬುಷ್ ಅವರನ್ನು ಮೆಚ್ಚಿದವರು ಶೇ 51. ಅದೇ ತಿಂಗಳ ಕೊನೆಯ ಭಾಗದಲ್ಲಿ ಶೇ 90. ಬುಷ್ ಜನರನ್ನು ತಂದರೋ, ಜನರೇ ಬಂದರೋ? ಇಲ್ಲಿ 'ಬ್ರಿಂಗ್' ಬಳಸಿದರೆ ಹೆಗ್ಗಳಿಕೆ ಅಧ್ಯಕ್ಷರಿಗೆ, 'ರ‍್ಯಾಲಿ' ಬಳಸಿದರೆ ಜನರಿಗೆ. ಕ್ರಿಯಾಪದ ಆರಿಸುವಾಗಲೇ ಅರ್ಧ ತೀರ್ಪು ಮುಗಿದಿರುತ್ತದೆ.

ಬಳಗದ ಹಿರಿಯಜ್ಜ ಬೆಂಜಮಿನ್ ಫ್ರಾಂಕ್ಲಿನ್. 1754ರ ಮೇ 9ರಂದು ತಮ್ಮ 'ಪೆನ್ಸಿಲ್ವೇನಿಯಾ ಗೆಜೆಟ್' ಪತ್ರಿಕೆಯಲ್ಲಿ ಎಂಟು ತುಂಡಾದ ಹಾವಿನ ಚಿತ್ರ ಅಚ್ಚು ಹಾಕಿಸಿ, ಸೇರಿ ಇಲ್ಲವೇ ಸಾಯಿರಿ ಎಂದು ವಸಾಹತುಗಳಿಗೆ ಎಚ್ಚರಿಕೆ ಕೊಟ್ಟವರು ಅವರು. ಕತ್ತರಿಸಿದ ಹಾವಿನ ತುಂಡುಗಳನ್ನು ಸೂರ್ಯ ಮುಳುಗುವ ಮುನ್ನ ಜೋಡಿಸಿಟ್ಟರೆ ಅದು ಮತ್ತೆ ಹರಿದಾಡುತ್ತದೆಂಬ ನಂಬಿಕೆ ಆಗ ಅಲ್ಲಿತ್ತು. 1776ರಲ್ಲಿ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕುವ ಹೊತ್ತು ಫ್ರಾಂಕ್ಲಿನ್ 'ಹ್ಯಾಂಗ್ ಟುಗೆದರ್' ಮೇಲೆ ಶ್ಲೇಷೆ ಮಾಡಿದರೆಂಬ ಪ್ರತೀತಿಯೂ ಇದೆ: ಎಲ್ಲರೂ ಅಂಟಿಕೊಂಡಿರದಿದ್ದರೆ ಬೇರೆ ಬೇರೆಯಾಗಿ ನೇತಾಡಬೇಕಾದೀತು, ನೇಣುಗಂಬದಲ್ಲಿ. ಮಾತು ಅವರದೇ ಎಂಬುದಕ್ಕೆ ಗಟ್ಟಿ ದಾಖಲೆಯಿಲ್ಲ, ಆದರೆ ಅದನ್ನು ಬೇರೆ ಯಾರ ತಲೆಗೂ ಕಟ್ಟಲು ಅಮೆರಿಕನ್ನರು ಒಪ್ಪುವುದಿಲ್ಲ.

ಇನ್ನು ಕನ್ನಡದ ಮಾತು. 'ಜನರನ್ನು ಒಟ್ಟಿಗೆ ತರುವ ಹಬ್ಬ', 'ಎರಡು ಸಮುದಾಯಗಳನ್ನು ಒಟ್ಟಿಗೆ ತಂದ ಕಾರ್ಯಕ್ರಮ' ಎಂಬಂಥ ಸಾಲುಗಳು ಈಚೆಗೆ ಸುದ್ದಿಯಲ್ಲಿ, ಜಾಹೀರಾತಿನಲ್ಲಿ, ಶಾಲಾ ವಾರ್ಷಿಕೋತ್ಸವದ ಭಾಷಣದಲ್ಲಿ ಧಾರಾಳವಾಗಿ ಸಿಗುತ್ತವೆ. ಮನೆಯಲ್ಲಿ ಮಾತನಾಡುವಾಗ 'ಒಟ್ಟಿಗೆ ತರು' ಎಂದರೆ ಅರ್ಥವೇ ಬೇರೆ. 'ಹಾಲೂ ಕೊತ್ತಂಬರಿಯೂ ಒಟ್ಟಿಗೇ ತಾ, ಎರಡೆರಡು ಸಲ ಓಡಾಡಬೇಡ' ಎನ್ನುತ್ತಾರೆ ತಾಯಂದಿರು. ಜನರನ್ನು ಒಟ್ಟಿಗೆ ತಂದರು ಎಂದು ಕೇಳಿದ ಕೂಡಲೇ 'ಯಾವುದರಲ್ಲಿ, ಲಾರಿಯಲ್ಲೋ ಬಸ್ಸಿನಲ್ಲೋ?' ಎಂದು ಕೇಳಬೇಕೆನಿಸುತ್ತದೆ. ಚುನಾವಣಾ ಸಮಾವೇಶಗಳ ವರದಿಯಲ್ಲಿ ಈ ಪ್ರಯೋಗ ಅಕ್ಷರಶಃ ಸರಿಹೊಂದುತ್ತದೆ ಎಂಬುದು ಬೇರೆ ವಿಷಯ.

ಹಾಗಾದರೆ ಇಂಗ್ಲಿಷ್ ಎರಡು ಪದದಲ್ಲಿ ಮಾಡುವ ಕೆಲಸವನ್ನು ಕನ್ನಡ ಹೇಗೆ ಮಾಡುತ್ತದೆ? ಒಂದು ಪ್ರತ್ಯಯದಲ್ಲಿ. ಸೇರು, ಸೇರಿಸು; ಕೂಡು, ಕೂಡಿಸು; ಬೆರೆ, ಬೆರೆಸು; ಹೊಂದು, ಹೊಂದಿಸು; ಒಗ್ಗೂಡು, ಒಗ್ಗೂಡಿಸು. ತಾವಾಗಿ ಆದರೆ ಹಾಗೇ ಬಿಡುವುದು, ಇನ್ನೊಬ್ಬರು ಮಾಡಿಸಿದರೆ ಬಾಲಕ್ಕೊಂದು 'ಇಸು' ಅಂಟಿಸುವುದು. ಇಂಗ್ಲಿಷಿನ 'ಕಮ್' ಮತ್ತು 'ಬ್ರಿಂಗ್' ನಡುವಣ ನಂಟು ಕನ್ನಡದಲ್ಲಿ ಬಾ-ತಾ, ಬಂದ-ತಂದ, ಬರುತ್ತಾಳೆ-ತರುತ್ತಾಳೆ ಎಂದು ಪ್ರಾಸ ಹಾಕಿಕೊಂಡೇ ನಡೆಯುತ್ತದೆ, ನಿಜ. ಆದರೆ ಆ ಜೋಡಿ ಸಾಮಾನು ಸರಂಜಾಮಿಗೆ, ಸುದ್ದಿಗೆ, ಸೊಸೆಗೆ. ಜಗಳವಾಡಿ ತವರಿಗೆ ಹೋದವಳನ್ನು ಕರೆದುಕೊಂಡು ಬಂದು ಹಿರಿಯರು 'ಇಬ್ಬರನ್ನೂ ಒಂದು ಮಾಡಿದರು' ಎನ್ನುತ್ತಾರೆಯೇ ಹೊರತು ಒಟ್ಟಿಗೆ ತಂದರು ಎನ್ನುವುದಿಲ್ಲ.

ಪ್ರತ್ಯಯಕ್ಕಿಂತ ದೊಡ್ಡ ತೊಡಕು ಕರ್ತೃವಿನದು. ಇಂಗ್ಲಿಷಿನಲ್ಲಿ ಜೀವವಿಲ್ಲದ್ದೂ ಜನರನ್ನು ತರಬಲ್ಲದು. ಸಂಗೀತ ಅವರನ್ನು ಸೇರಿಸಿತು, ಪ್ರವಾಹ ಊರನ್ನು ಒಂದು ಮಾಡಿತು, ದುಃಖ ಆ ಸೋದರರನ್ನು ಹತ್ತಿರ ತಂದಿತು, ಹೀಗೆ ಸಂಗೀತ, ಪ್ರವಾಹ, ದುಃಖ ಮೂರಕ್ಕೂ ಕೈಕಾಲು ಮೂಡುತ್ತವೆ. ಆಡುಗನ್ನಡ ಇದಕ್ಕೆ ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. 'ಹಾಡು ಕಲಿಯಲು ಹೋದಲ್ಲಿ ಅವರಿಬ್ಬರಿಗೂ ಪರಿಚಯ', 'ನೆರೆ ಬಂದಾಗ ಊರಿಗೆ ಊರೇ ಒಂದಾಯಿತು', 'ಅಪ್ಪ ಹೋದ ಮೇಲೆ ಅಣ್ಣತಮ್ಮಂದಿರು ಮಾತಾಡತೊಡಗಿದರು'. ಪ್ರವಾಹ ಒಂದು ಸಂದರ್ಭ; ಒಂದಾದವರು ಊರಿನವರು. ಅನುವಾದಕರು ಪದಕ್ಕೆ ಪದ ಹುಡುಕುವ ಮುನ್ನ ವಾಕ್ಯವನ್ನೇ ತಿರುವಿ ಹಾಕಬೇಕಾದ ಜಾಗ ಇದು. ಬಹುಮಟ್ಟಿಗೆ ಆಗ 'ತರು' ಬೇಕಾಗುವುದೇ ಇಲ್ಲ.

ಹಾಗೆಂದು ಎಲ್ಲ ಎರವಲನ್ನೂ ಬಾಗಿಲಲ್ಲೇ ತಡೆಯಬೇಕಿಲ್ಲ. 'ಬೆಳಕು ಚೆಲ್ಲು' ಎಂಬುದು ಇಂಗ್ಲಿಷಿನ ನೆರಳಿನಲ್ಲೇ ಹುಟ್ಟಿದ್ದು. ಇಂದು ಅದಿಲ್ಲದೆ ವಿಚಾರ ಸಂಕಿರಣವೇ ನಡೆಯದು. 'ಒಟ್ಟಿಗೆ ತರು' ಕೂಡ ಇನ್ನು ಇಪ್ಪತ್ತು ವರ್ಷಕ್ಕೆ ಕಿವಿಗೆ ಒಗ್ಗಬಹುದು. ಆದರೆ ಅದಕ್ಕಾಗಿ ಎಷ್ಟು ಪದಗಳನ್ನು ಮೂಲೆಗೆ ತಳ್ಳಬೇಕು ನೋಡಿ. 'ಒಗ್ಗಟ್ಟು' ಎಂದರೆ ಒಂದೇ ಕಟ್ಟು, ಸೌದೆ ಹೊರೆಯ ಹಾಗೆ. 'ಒಕ್ಕೂಟ' ಎಂದರೆ ಒಂದೇ ಕೂಟ. ಹಾಲು ಉತ್ಪಾದಕರಿಂದ ಹಿಡಿದು ಭಾರತದ ರಾಜ್ಯಗಳವರೆಗೆ ಆ ಪದ ಸಲ್ಲುತ್ತದೆ. 'ಬೆಸೆ' ಅಕ್ಕಸಾಲಿಗರ ಕುಲುಮೆಯಿಂದ ಎದ್ದು ಬಂದು ಮನಸ್ಸುಗಳ ನಡುವೆ ಕೂತಿದೆ. 'ಜಮಾಯಿಸು' ಅರಬ್ಬಿಯಿಂದ ಬಂದು ಕಚೇರಿ, ಠಾಣೆ ಸುತ್ತಿ ಈಗ ಪಡ್ಡೆ ಹುಡುಗರ ಮಾತಾಗಿದೆ.

ಇವುಗಳಲ್ಲೆಲ್ಲ ಸೊಗಸು 'ಕೂಡು'ವಿನದು. ತುಂಗೆಯೂ ಭದ್ರೆಯೂ ಕೂಡುವ ಊರು ಕೂಡಲಿ. ಮಲಪ್ರಭೆ ಕೃಷ್ಣೆಯನ್ನು ಕೂಡುವ ಊರು ಕೂಡಲಸಂಗಮ. ಶಾಲೆಯಲ್ಲಿ ಕೂಡುವುದು ಎಂದರೆ ಲೆಕ್ಕ. ಧಾರವಾಡದ ಕಡೆ 'ಬರ‍್ರಿ, ಕೂಡ್ರಿ' ಎಂದರೆ ಬಂದು ಕುಳಿತುಕೊಳ್ಳಿ ಎಂದು, ಹಾಗಾಗಿ ಅಲ್ಲಿ 'ಎಲ್ಲರನ್ನೂ ಕೂಡಿಸಿದರು' ಎಂದರೆ ಎಲ್ಲರಿಗೂ ಕೂರಲು ಜಾಗ ಕೊಟ್ಟರೆಂದೂ ಆಗಬಹುದು. ಅದಕ್ಕೇ 'ಹಾಕು' ಸೇರಿಸಿ 'ಕೂಡಿಹಾಕು' ಎಂದಿರೋ, ಬಾಗಿಲಿಗೆ ಬೀಗ ಬಿತ್ತು! ಕನ್ನಡಕ್ಕೂ ತನ್ನದೇ ಬಗೆಯ ಜೋಡಿ ಕ್ರಿಯಾಪದಗಳಿವೆ, ಅವೂ ಪರಭಾಷೆಯವರಿಗೆ ಇಷ್ಟೇ ಕಾಟ ಕೊಡುತ್ತವೆ. ಜಾನ್ಸನ್ ಕನ್ನಡ ಕಲಿತಿದ್ದರೆ ಇನ್ನೊಂದು ಮುನ್ನುಡಿ ಬರೆಯಬೇಕಾಗುತ್ತಿತ್ತು. ಕಡಲಾಚೆ ಹೋದ ಕನ್ನಡಿಗರು ಇಂಗ್ಲಿಷಿನ ನಡುವೆಯೇ ಬಾಳುತ್ತಿದ್ದರೂ ತಮ್ಮ ಸಂಘಗಳಿಗೆ 'ಕನ್ನಡ ಕೂಟ' ಎಂದೇ ಹೆಸರಿಟ್ಟರು. ಅಮೆರಿಕದ ಕೂಟಗಳ ಆಗರವಾದ 'ಅಕ್ಕ'ದ ಇಂಗ್ಲಿಷ್ ಹೆಸರಿನೊಳಗೂ ಆ ಪದ ಅನುವಾದವಾಗದೆ ಕೂತಿದೆ.

ಕ್ರಿಯಾಪದದ ಆಯ್ಕೆ ಚರಿತ್ರೆಯ ಬಣ್ಣವನ್ನೇ ಬದಲಿಸುವುದಕ್ಕೆ ಕನ್ನಡಿಗರ ಮನೆಯಲ್ಲೇ ಒಂದು ನಿದರ್ಶನವಿದೆ. ರಾಜ್ಯಗಳ ಗಡಿಗಳನ್ನು ಮತ್ತೆ ಗುರುತಿಸಲು 1953ರ ಕೊನೆಯಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಫಜಲ್ ಅಲಿ ಆಯೋಗದ ಹೆಸರಿನಲ್ಲಾಗಲಿ, 1956ರ ಕಾಯ್ದೆಯ ಹೆಸರಿನಲ್ಲಾಗಲಿ ಒಂದುಗೂಡಿಸುವ ಮಾತಿಲ್ಲ. ಅಲ್ಲಿರುವುದು 'ರೀಆರ್ಗನೈಸೇಶನ್'. ಕನ್ನಡದಲ್ಲಿ ಅದು 'ಪುನರ್ವಿಂ‌ಗಡಣೆ' ಆಯಿತು. ವಿಂಗಡಿಸುವುದೆಂದರೆ ಬೇರೆ ಬೇರೆ ಮಾಡುವುದು. ದೆಹಲಿಯ ಕಣ್ಣಿಗೆ ಭಾರತದ ನಕ್ಷೆಯನ್ನು ಮತ್ತೆ ವಿಂಗಡಿಸುವ ಕೆಲಸವಾಗಿದ್ದದ್ದು, ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಐದು ಆಡಳಿತಗಳಲ್ಲಿ ಹಂಚಿಹೋಗಿದ್ದವರಿಗೆ 'ಏಕೀಕರಣ'. ಒಂದೇ ದಿನ, ನವೆಂಬರ್ 1, ಒಂದೇ ಕಾಯ್ದೆ, ಕ್ರಿಯಾಪದಗಳು ಮಾತ್ರ ಎದುರುಬದುರು. ಕಾಸರಗೋಡಿನ ಕನ್ನಡಿಗರಿಗೆ ಮಾತ್ರ ದೆಹಲಿಯ ಪದವೇ ನಿಜವಾಯಿತು, ಅವರ ನೆಲ ಕೇರಳಕ್ಕೆ ಸೇರಿತು. ಇಷ್ಟಾಗಿಯೂ ಆ ದಿನವನ್ನು ಕನ್ನಡಿಗರು ನೆನೆಯುವುದು 'ನಾಡು ಒಂದಾದ ದಿನ' ಎಂದು. ಯಾರೋ ತಂದರು ಎಂಬ ಧ್ವನಿ ಅದರಲ್ಲಿಲ್ಲ. ನಾಡು ತಾನೇ ಕರ್ತೃ.

ಡೆಶ್ಲರಿನ ಫಲಕಕ್ಕೆ ಮರಳಬೇಕು, ಏಕೆಂದರೆ ಅದರ ಕಥೆ ಮುಗಿದಿಲ್ಲ. ನಿಕ್ಸನ್ ಹೇಳಿದ ಮೇಲೆ ಪತ್ರಕರ್ತರು ಆ ಊರಿಗೆ ಧಾವಿಸಿದರು. 13 ವರ್ಷದ ಹುಡುಗಿಯೊಬ್ಬಳು, ಫಲಕ ಹಿಡಿದವಳು ತಾನೇ ಎಂದಳು. ಅವಳು ಮನೆಯಿಂದ ತಂದಿದ್ದ ಫಲಕದಲ್ಲಿ ಬೇರೇನೋ ಬರೆದಿತ್ತಂತೆ. ನೂಕುನುಗ್ಗಲಿನಲ್ಲಿ ಅದು ಕೈಜಾರಿ, ನೆಲದಲ್ಲಿ ಬಿದ್ದಿದ್ದ ಇನ್ನೊಂದನ್ನು ಎತ್ತಿಕೊಂಡಳಂತೆ. 1969ರ ಜನವರಿ 20ರ ಪದಗ್ರಹಣಕ್ಕೆ ಅವಳಿಗೂ ಮನೆಯವರಿಗೂ ಆಹ್ವಾನ ಬಂತು, ಮೆರವಣಿಗೆಯ ಬಂಡಿಯ ಮೇಲೆ ಅವಳನ್ನು ಕೂರಿಸಿದರು. ಆ ಸಮಾರಂಭದ ಅಧಿಕೃತ ಘೋಷವಾಕ್ಯ ಮಾತ್ರ 'ಫಾರ್ವರ್ಡ್ ಟುಗೆದರ್' ಎಂದಿತ್ತು. 'ಟುಗೆದರ್' ಉಳಿದಿತ್ತು, 'ಬ್ರಿಂಗ್' ಎಂಬ ಹೊಣೆ ಇಳಿದಿತ್ತು.

ವರ್ಷ ತುಂಬುವುದರೊಳಗೆ ಉಪಾಧ್ಯಕ್ಷ ಸ್ಪಿರೊ ಆಗ್ನ್ಯೂ, ದೇಶ ಎರಡಾಗಿ ನಿಲ್ಲುವುದೂ ಒಳ್ಳೆಯದೇ ಎಂಬಂತೆ ಮಾತನಾಡತೊಡಗಿದರು. ಶಾಲೆಗಳಲ್ಲಿ ಕರಿಯ-ಬಿಳಿಯ ಮಕ್ಕಳನ್ನು ಒಟ್ಟಿಗೆ ಕೂರಿಸುವ ಕಾನೂನನ್ನು ಜಾರಿ ಮಾಡಲು ಹೊರಟ ಲಿಯಾನ್ ಪನೆಟ್ಟಾ ಎಂಬ ತರುಣ ಅಧಿಕಾರಿ 1970ರಲ್ಲಿ ಹುದ್ದೆ ಬಿಡಬೇಕಾಯಿತು; ಮರುವರ್ಷ ಅವರು ಬರೆದ ಪುಸ್ತಕದ ಹೆಸರು ಅದೇ, 'ಬ್ರಿಂಗ್ ಅಸ್ ಟುಗೆದರ್'. ಅಷ್ಟರಲ್ಲಿ ಡೆಮಾಕ್ರಟಿಕ್ ಪಕ್ಷದವರು ನಿಕ್ಸನ್ನರನ್ನು ಚುಚ್ಚಲು ಆ ಮೂರು ಪದಗಳನ್ನೇ ಬಳಸತೊಡಗಿದ್ದರು.

ಫಲಕದ ಸುದ್ದಿಯನ್ನು ನಿಕ್ಸನ್ ಪಾಳಯಕ್ಕೆ ತಲುಪಿಸಿದವರು ಅವರ ಗೆಳೆಯ ರಿಚರ್ಡ್ ಮೂರ್. ಡೆಶ್ಲರಿನಲ್ಲಿ ಒಂದು ಮಗುವಿನ ಕೈಯಲ್ಲಿ ಅದನ್ನು ಕಂಡೆನೆಂದು ಮೂರ್ ಭಾಷಣ ಬರೆಯುವವರಿಗೆ ಬಂದು ಹೇಳಿದ್ದರು. ಅದನ್ನು ಭಾಷಣಗಳಿಗೆ ಸೇರಿಸಿದವರಲ್ಲಿ ವಿಲಿಯಂ ಸಫೈರ್ ಒಬ್ಬರು. ಮುಂದೆ 1979ರಿಂದ ಮೂರು ದಶಕ ಕಾಲ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಪದಗಳ ಬಗ್ಗೆಯೇ ಅಂಕಣ ಬರೆದ ಅದೇ ಸಫೈರ್. 2009ರಲ್ಲಿ ತೀರಿಕೊಳ್ಳುವ ಮುನ್ನಿನ ವರ್ಷಗಳಲ್ಲಿ ಅವರು ತಮ್ಮ ಅಂಕಣಗಳಲ್ಲಿ ಆ ಸಂಜೆಯನ್ನು ನೆನೆದು, ಅಂಥದ್ದೊಂದು ಫಲಕ ನಿಜವಾಗಿಯೂ ಇತ್ತೇ ಎಂದು ಅನುಮಾನ ವ್ಯಕ್ತಪಡಿಸಿದರು.